ಸುಸ್ತಿನ ದಿನಕ್ಕೂ ಒಗ್ಗುವ ಬ್ಲಾಗ್: ದೀರ್ಘಕಾಲದ ಕಾಯಿಲೆ ಇರುವವರಿಗೆ

ಬ್ಲಾಗ್ ಶುರು ಮಾಡೋದು ಹೇಗೆ ಅಂತ ಹೇಳುವ ಬರಹಗಳಿಗೆ ಕೊರತೆಯಿಲ್ಲ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಮಂತ್ರ. ವಾರಕ್ಕೆ ಎರಡು ಸಲ ತಪ್ಪದೆ ಬರೆಯಿರಿ, ದಿನಾ ಇಂತಿಷ್ಟು ಹೊತ್ತು ಕೂತುಕೊಳ್ಳಿ, ಶಿಸ್ತು ಬಿಡಬೇಡಿ. ಗಟ್ಟಿಮುಟ್ಟಾಗಿ ಇರುವವರಿಗೆ ಇದೆಲ್ಲ ಸರಿ. ಬೆಳಿಗ್ಗೆ ಕಣ್ಣು ಬಿಟ್ಟಾಗ ಇವತ್ತು ಬೆರಳು ಮಡಚುತ್ತವೋ ಇಲ್ಲವೋ ಅಂತಲೇ ಗೊತ್ತಿಲ್ಲದವರು ಏನು ಮಾಡಬೇಕು? ಇದನ್ನು ನಂಬಿ ಹೊರಟರೆ ಕೆಲವೇ ವಾರಗಳಲ್ಲಿ ಬ್ಲಾಗ್ ನಿಲ್ಲುತ್ತದೆ. ಜೊತೆಗೆ ‘ಇದೂ ನನ್ನ ಕೈಲಾಗಲಿಲ್ಲ’ ಅನ್ನುವ ಬೇಜಾರು ಬೇರೆ.

ಸಂಧಿವಾತ, ಲೂಪಸ್ (ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ), ಮೈಗ್ರೇನ್, ಮಧುಮೇಹ, ಕಿಡ್ನಿ ತೊಂದರೆ, ಯಾವುದೇ ಇರಲಿ, ನನ್ನ ಸಲಹೆ ಒಂದೇ. ಒಳ್ಳೆಯ ದಿನದ ಹುರುಪಿನಲ್ಲಿ ಬ್ಲಾಗಿನ ಲೆಕ್ಕ ಹಾಕಬೇಡಿ. ಕೆಟ್ಟ ದಿನ ಬಂದೇ ಬರುತ್ತದೆ ಅಂತ ಇಟ್ಟುಕೊಂಡೇ ಎಲ್ಲವನ್ನೂ ಜೋಡಿಸಿ. ಕೆಳಗಿನ ಹಂತಗಳೆಲ್ಲ ಇದರ ಸುತ್ತವೇ ಇವೆ.

ಹಂತ 1: ಒಂದು ವಾರ ಸುಮ್ನೆ ಗಮನಿಸಿ

ಯಾವ ವೆಬ್‌ಸೈಟನ್ನೂ ತೆರೆಯಬೇಡಿ. ಬ್ಲಾಗಿಗೆ ಹೆಸರು ಹುಡುಕುವುದೂ ಬೇಡ. ಒಂದು ವಾರ ನಿಮ್ಮ ದಿನ ಹೇಗೆ ಹೋಗುತ್ತದೆ ಅಂತ ನೋಡಿ. ತಲೆ ಚುರುಕಾಗಿರುವುದು ಯಾವ ಹೊತ್ತಿನಲ್ಲಿ? ಮಾತ್ರೆ ತಗೊಂಡು ಎಷ್ಟು ಹೊತ್ತಿಗೆ ನೋವು ಇಳಿಯುತ್ತದೆ? ಕೂತು ಫೋನ್ ನೋಡಿದರೆ ಎಷ್ಟು ನಿಮಿಷಕ್ಕೆ ಕತ್ತು ಹಿಡಿಯುತ್ತದೆ? ರುಮಟಾಯ್ಡ್ ಸಂಧಿವಾತ ಇರುವವರಿಗೆ ಬೆಳಗಿನ ಬಿಗಿತ ಒಂದು ಗಂಟೆ ಮೀರಿಯೂ ಇರಬಹುದು. ಅಂಥವರು ನಸುಕಿನಲ್ಲಿ ಎದ್ದು ಬರೆಯುತ್ತೇನೆ ಅಂತ ಪಣ ತೊಟ್ಟರೆ ಅದು ತಮ್ಮ ಮೈ ಜೊತೆ ತಾವೇ ಜಗಳಕ್ಕೆ ಇಳಿದ ಹಾಗೆ.

ಲೂಪಸ್ ಇದ್ದ ಅಮೆರಿಕದ ಕ್ರಿಸ್ಟೀನ್ ಮಿಸರಾಂಡಿನೋ 2003ರಲ್ಲಿ ತಮ್ಮ ಶಕ್ತಿಯನ್ನು ಚಮಚಗಳಲ್ಲಿ ಎಣಿಸಿ ತೋರಿಸಿದರು. ದಿನಕ್ಕೆ ಇಷ್ಟೇ ಚಮಚ. ಸ್ನಾನಕ್ಕೆ ಒಂದು ಹೋಯಿತು, ಬಟ್ಟೆ ಹಾಕಿಕೊಳ್ಳಲು ಇನ್ನೊಂದು ಹೋಯಿತು. ಮುಗಿದರೆ ಮುಗಿಯಿತು. ದೀರ್ಘಕಾಲದ ಕಾಯಿಲೆ ಇರುವ ಎಷ್ಟೋ ಜನ ಇವತ್ತು ತಮ್ಮನ್ನು ‘ಸ್ಪೂನಿ’ ಅಂತ ಕರೆದುಕೊಳ್ಳುವುದು ಅಲ್ಲಿಂದಲೇ. ಬ್ಲಾಗಿಗೂ ಚಮಚ ಬೇಕು, ಅಲ್ವಾ? ಅದನ್ನು ಯಾವ ಕೆಲಸದಿಂದ ತೆಗೆಯುತ್ತೀರಿ ಅಂತ ಮೊದಲೇ ತೀರ್ಮಾನ ಮಾಡಿ. ಊಟ, ನಿದ್ದೆ, ಚಿಕಿತ್ಸೆಯಿಂದ ಮಾತ್ರ ಬೇಡ.

ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದರೆ ವಿಶ್ರಾಂತಿಗೂ ಹೋಗದ ತೀವ್ರ ಸುಸ್ತಿನ ಕಾಯಿಲೆ ಇರುವವರು ಇನ್ನೂ ಒಂದು ವಿಷಯ ನೆನಪಿಡಬೇಕು. ಈ ಕಾಯಿಲೆಯಲ್ಲಿ ಮಾಡಿದ ಕೆಲಸದ ಪೆಟ್ಟು ಎಷ್ಟೋ ಸಲ 12ರಿಂದ 48 ಗಂಟೆ ತಡವಾಗಿ ಬೀಳುತ್ತದೆ. ತಲೆಗೆ ಕೊಟ್ಟ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಬರೆದ ದಿನ ಆರಾಮಾಗಿದ್ದೆ ಅನ್ನುವುದು ಸಾಲದು, ಎರಡು ದಿನದ ನಂತರ ಹೇಗಿದ್ದೀರಿ ನೋಡಿ. ಆಗಲೂ ಸರಿ ಇದ್ದರೆ ಅಷ್ಟು ಬರೆಯುವುದು ನಿಮಗೆ ಆಗುತ್ತದೆ ಅಂತ ಅರ್ಥ. ಹತ್ತು ಹದಿನೈದು ನಿಮಿಷದಿಂದ ಶುರು ಮಾಡಿ, ಅಲಾರಂ ಇಟ್ಟುಕೊಳ್ಳಿ. ಇನ್ನೂ ಬರೆಯಬಲ್ಲೆ ಅನ್ನಿಸುವಾಗಲೇ ನಿಲ್ಲಿಸಿ.

ಹಂತ 2: ಎಷ್ಟು ಹೇಳುವುದು, ಯಾರ ಹೆಸರಲ್ಲಿ ಹೇಳುವುದು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಯೋಚಿಸಬೇಕಾದ ಹಂತ ಇದು. ಬ್ಲಾಗಿನ ಬಣ್ಣ, ಹೆಸರು, ವಿನ್ಯಾಸ ಎಲ್ಲವನ್ನೂ ಆಮೇಲೆ ಬದಲಿಸಬಹುದು. ಒಮ್ಮೆ ಹೊರಬಿದ್ದ ಕಾಯಿಲೆಯ ವಿವರವನ್ನು ಪೂರ್ತಿ ಹಿಂದಕ್ಕೆ ತಗೊಳ್ಳಲು ಆಗುವುದಿಲ್ಲ. ನೀವು ಪೋಸ್ಟ್ ಅಳಿಸಿದರೂ ವೆಬ್ ಪುಟಗಳ ಪ್ರತಿ ತೆಗೆದಿಡುವ ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಅದರ ಪ್ರತಿ ಉಳಿದಿರಬಹುದು. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿರಲೂಬಹುದು.

ಒಂದು ಹಾಳೆ ತಗೊಂಡು ಮೂರು ಜನರನ್ನು ಮನಸ್ಸಿಗೆ ತಂದುಕೊಳ್ಳಿ. ಮುಂದೆ ಕೆಲಸ ಕೊಡಬಹುದಾದವರು, ವಿಮಾ ಕಂಪನಿಯವರು, ಮತ್ತೆ ನಿಮಗೆ ಅಷ್ಟಾಗಿ ಆಗದ ಒಬ್ಬ ನೆಂಟರು. ಈ ಮೂವರೂ ಓದಿದರೂ ಪರವಾಗಿಲ್ಲ ಅನ್ನುವುದನ್ನು ಒಂದು ಕಡೆ ಬರೆಯಿರಿ. ಓದಬಾರದು ಅನ್ನುವುದನ್ನು ಇನ್ನೊಂದು ಕಡೆ ಬರೆಯಿರಿ. ಎರಡನೆಯ ಪಟ್ಟಿ ಉದ್ದ ಇದ್ದರೆ ಬೇರೆ ಹೆಸರಿನಲ್ಲಿ ಬರೆಯುವುದೇ ವಾಸಿ. ನಿಮ್ಮ ಹೆಸರು ಇರದಿದ್ದರೆ ಬರಹ ಸುಳ್ಳಾಗುವುದಿಲ್ಲ. ಕೆಲಸ ಮಾಡಲಾಗದವರಿಗೆ ಸಿಗುವ ಭತ್ಯೆಯೋ ವಿಮೆಯ ಹಣವೋ ನಿಮಗೆ ಬರುತ್ತಿದ್ದರೆ ಇನ್ನೂ ಜಾಗ್ರತೆ ಬೇಕು. ಅಪರೂಪಕ್ಕೆ ಸಿಕ್ಕ ಒಂದು ಒಳ್ಳೆಯ ದಿನದ ನಗುವ ಫೋಟೋ ನೋಡಿ ‘ಇವರಿಗೆ ಏನೂ ಆಗಿಲ್ಲ’ ಅಂದುಬಿಡುವವರಿಗೆ ಎಲ್ಲೂ ಕೊರತೆಯಿಲ್ಲ.

ಬೇರೆ ಹೆಸರು ಇಟ್ಟುಕೊಂಡರೆ ಅದಕ್ಕೇ ಅಂತ ಹೊಸ ಇಮೇಲ್ ಮಾಡಿ. ಹಳೆಯ ಇಮೇಲ್ ಬಳಸಿದರೆ ನಿಮ್ಮ ಹೆಸರೂ ಫೋಟೋವೂ ತಾನಾಗಿಯೇ ಬಂದು ಕೂತುಬಿಡಬಹುದು. ಬಹಳಷ್ಟು ಫೋನ್‌ಗಳು ಪ್ರತಿ ಫೋಟೋದ ಒಳಗೆ ಅದನ್ನು ತೆಗೆದ ಜಾಗವನ್ನೂ ಬಚ್ಚಿಡುತ್ತವೆ. ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಆಫ್ ಮಾಡಿ. ಔಷಧಿ ಚೀಟಿ, ಲ್ಯಾಬ್ ರಿಪೋರ್ಟ್, ಆಸ್ಪತ್ರೆಯಲ್ಲಿ ಕೈಗೆ ಕಟ್ಟುವ ಪಟ್ಟಿ, ಇವುಗಳ ಫೋಟೋ ಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಹೆಸರಿನ ಮೇಲೆ ಬೆರಳಿಟ್ಟು ಫೋಟೋ ತೆಗೆದರೆ ಸಾಲದು. ಬಾರ್‌ಕೋಡ್‌ನಲ್ಲಿ, ರೋಗಿ ಸಂಖ್ಯೆಯಲ್ಲಿ, ಡಾಕ್ಟರ ಸಹಿಯಲ್ಲಿ ಎಲ್ಲ ಗೊತ್ತಾಗುತ್ತದೆ. ಆಸ್ಪತ್ರೆಯಲ್ಲಿ ಇರುವಾಗ ಅಲ್ಲಿಂದಲೇ ಪೋಸ್ಟ್ ಹಾಕಬೇಡಿ, ಮನೆಗೆ ಬಂದ ಮೇಲೆ ಹಾಕಿ. ಮನೆ ಖಾಲಿ ಇದೆ ಅಂತ ಊರಿಗೆಲ್ಲ ಯಾಕೆ ಹೇಳಬೇಕು?

ಮನೆಯವರ ವಿಷಯ ಇನ್ನೂ ಸೂಕ್ಷ್ಮ. ಕಾಯಿಲೆ ನಿಮ್ಮದೇ ಆದರೂ ಅದರ ಕತೆಯಲ್ಲಿ ಅಮ್ಮ ಇರುತ್ತಾರೆ, ಗಂಡನೋ ಹೆಂಡತಿಯೋ ಇರುತ್ತಾರೆ, ಮಕ್ಕಳು ಇರುತ್ತಾರೆ. ವಂಶದಲ್ಲಿ ಬರುವ ಕಾಯಿಲೆಯಾದರಂತೂ ನಿಮ್ಮ ಒಂದು ಸಾಲು ಅವರ ಗುಟ್ಟನ್ನೂ ಬಿಚ್ಚಿಡುತ್ತದೆ. ಹಂಟಿಂಗ್‌ಟನ್ ಕಾಯಿಲೆಯನ್ನೇ ನೋಡಿ, ಮೆದುಳಿನ ನರಕೋಶಗಳನ್ನು ನಿಧಾನಕ್ಕೆ ಹಾಳು ಮಾಡುವ ಕಾಯಿಲೆ ಅದು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇಕಡಾ 50. ಅಪ್ಪ ತಮ್ಮ ಹೆಸರಿನಲ್ಲಿ ಬರೆದರೆ, ಪರೀಕ್ಷೆ ಮಾಡಿಸಿಕೊಳ್ಳಬೇಕೋ ಬೇಡವೋ ಅಂತ ಇನ್ನೂ ಯೋಚಿಸುತ್ತಿರುವ ಮಗಳ ವಿಷಯವನ್ನೂ ಹೇಳಿದ ಹಾಗಾಯಿತು. ಬರೆಯುವ ಮೊದಲು ಅವರನ್ನು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ.

ಹಂತ 3: ಜಾಗ ಆರಿಸಿ, ಬೇಗ ಮುಗಿಸಿ

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬ್ಲಾಗರ್ 1999ರಿಂದ ಇದೆ, ಈಗ ಗೂಗಲ್‌ನದು. ವರ್ಡ್‌ಪ್ರೆಸ್ ಡಾಟ್ ಕಾಮ್ ಇನ್ನೊಂದು. ಎರಡರಲ್ಲೂ ದುಡ್ಡು ಕೊಡದೆ ಶುರು ಮಾಡಬಹುದು. ಎರಡರಲ್ಲೂ ಪೋಸ್ಟನ್ನು ಮುಂದಿನ ತಾರೀಖಿಗೆ ಶೆಡ್ಯೂಲ್ ಮಾಡಿಡಬಹುದು, ಆಯ್ದ ಜನರಿಗೆ ಮಾತ್ರ ಕಾಣುವ ಹಾಗೆ ಬ್ಲಾಗನ್ನು ಇಡಬಹುದು. ಓದುಗರ ಇಮೇಲ್‌ಗೇ ಬರಹ ಹೋಗಬೇಕು ಅಂದರೆ ಸಬ್‌ಸ್ಟ್ಯಾಕ್ ಇದೆ. ಆದರೆ ಇಮೇಲ್ ಹೋದ ಮೇಲೆ ಅದನ್ನು ವಾಪಸ್ ತರಿಸಲು ಆಗುವುದಿಲ್ಲ ಅನ್ನುವುದು ನೆನಪಿರಲಿ.

ಸ್ವಂತ ಸರ್ವರ್ ಬಾಡಿಗೆಗೆ ತಗೊಂಡು ವರ್ಡ್‌ಪ್ರೆಸ್ ತಂತ್ರಾಂಶವನ್ನು ನೀವೇ ಹಾಕಿಕೊಳ್ಳುವ ದಾರಿ ಶುರುವಿನಲ್ಲಿ ಬೇಡ ಅಂತಲೇ ನಾನು ಹೇಳುವುದು. ಅಪ್‌ಡೇಟ್ ಮಾಡಬೇಕು, ಬ್ಯಾಕಪ್ ನೋಡಬೇಕು, ವರ್ಷ ವರ್ಷ ಹಣ ಕಟ್ಟಬೇಕು. ಹಾಸಿಗೆ ಹಿಡಿದ ತಿಂಗಳಿನಲ್ಲಿ ಇದನ್ನೆಲ್ಲ ಯಾರು ನೋಡುತ್ತಾರೆ? ಡೊಮೇನ್ ಹೆಸರಿನ (ಬ್ಲಾಗಿಗೆ ಅಂತ ಕೊಂಡ ಸ್ವಂತ ವೆಬ್ ವಿಳಾಸದ) ಅವಧಿ ಮುಗಿದು ಕೈ ತಪ್ಪಿದರೆ ಬೇರೆ ಯಾರಾದರೂ ಅದನ್ನು ಕೊಂಡುಬಿಡಬಹುದು.

ಖಾತೆ ತೆರೆದ ದಿನವೇ ಸೆಟ್ಟಿಂಗ್ಸ್‌ನಲ್ಲಿ ಎರಡು ಕೆಲಸ ಮುಗಿಸಿ. ಹುಡುಕಾಟದಲ್ಲಿ ಬ್ಲಾಗ್ ಸಿಗದ ಹಾಗೆ ಮಾಡುವ ಆಯ್ಕೆಯನ್ನು ಸದ್ಯಕ್ಕೆ ಆನ್ ಮಾಡಿ. ಅದು ಸರ್ಚ್ ಎಂಜಿನ್‌ಗಳಿಗೆ ಮಾಡುವ ಮನವಿ ಮಾತ್ರ, ಬೀಗ ಅಲ್ಲ. ಆದರೂ ಕೈ ಕುದುರುವ ತನಕ ಒಂದು ಮರೆ ಇದ್ದ ಹಾಗಾಗುತ್ತದೆ. ಎರಡನೆಯದು, ಕಾಮೆಂಟ್‌ಗಳು ನೀವು ಒಪ್ಪಿದ ಮೇಲಷ್ಟೇ ಕಾಣುವ ಹಾಗೆ ಇಡಿ.

ಹಂತ 4: ಕೈ ಸೋತಾಗ, ತಲೆ ಮಂಕಾದಾಗ

ಬರೆಯುವುದು ಅಂದರೆ ಟೈಪ್ ಮಾಡುವುದೇ ಆಗಬೇಕಿಲ್ಲ. ಗೂಗಲ್ 2017ರಲ್ಲೇ ಮಾತನ್ನು ಅಕ್ಷರ ಮಾಡುವ ಸೌಲಭ್ಯಕ್ಕೆ ಕನ್ನಡ ಸೇರಿಸಿತು. ಫೋನಿನಲ್ಲಿ ಗೂಗಲ್‌ನ ಜಿಬೋರ್ಡ್ ಕೀಬೋರ್ಡಿಗೆ ಕನ್ನಡ ಆರಿಸಿ, ಮೈಕ್ ಗುರುತು ಒತ್ತಿ, ಮಲಗಿಕೊಂಡೇ ಮಾತಾಡಿ. ತಪ್ಪು ಬೀಳುತ್ತದೆ, ಅದರಲ್ಲೂ ಔಷಧಿ ಹೆಸರುಗಳು ಎಕ್ಕುಟ್ಟಿ ಹೋಗುತ್ತವೆ. ಆ ಹೊತ್ತಿಗೆ ತಿದ್ದಲು ಹೋಗಬೇಡಿ. ಹೇಳುವುದು ಒಂದು ದಿನ, ತಿದ್ದುವುದು ಇನ್ನೊಂದು ದಿನ. ಮಾತಾಡಲೂ ಸುಸ್ತಾದರೆ ಶೀರ್ಷಿಕೆ ಮಾತ್ರ ರೆಕಾರ್ಡ್ ಮಾಡಿ ಮಲಗಿ.

ತಲೆಗೆ ಮಂಜು ಕವಿದ ಹಾಗಿರುವ ದಿನಗಳಲ್ಲಿ ಬರಹಕ್ಕಿಂತ ದೊಡ್ಡ ಕಷ್ಟ ಎಲ್ಲಿಗೆ ನಿಲ್ಲಿಸಿದ್ದೆ ಅನ್ನುವುದೇ ಮರೆತುಹೋಗುವುದು. ಪ್ರತಿ ಸಲ ಡ್ರಾಫ್ಟ್ ಮುಚ್ಚುವ ಮೊದಲು ಕೊನೆಯಲ್ಲಿ ಒಂದು ಸಾಲು ಸೇರಿಸಿ. ‘ಮುಂದೆ: ಎರಡನೇ ಡಾಕ್ಟರ್ ಹೇಳಿದ್ದು, ಆಮೇಲೆ ಬಸ್ಸಿನ ವಿಷಯ’ ಅಂತ ಇದ್ದರೆ ಸಾಕು. ಹತ್ತು ದಿನ ಬಿಟ್ಟು ತೆರೆದರೂ ದಾರಿ ಸಿಗುತ್ತದೆ.

ಕಂಪ್ಯೂಟರಿನಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಬರೆಯುವ ಅಭ್ಯಾಸ ಇದ್ದರೆ ಅದನ್ನು ಯೂನಿಕೋಡ್‌ಗೆ (ಎಲ್ಲ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಪದ್ಧತಿಗೆ) ಬದಲಿಸಿಕೊಳ್ಳಿ. ಇಲ್ಲದಿದ್ದರೆ ಓದುವವರಿಗೆ ಕಾಣುವುದು ಬರೀ ಕಲಸುಮೇಲೋಗರ.

ಹಂತ 5: ಮೊದಲ ಬರಹ

ಹೆಚ್ಚಿನವರು ಮೊದಲ ಪೋಸ್ಟಿನಲ್ಲೇ ಕಾಯಿಲೆಯ ಪೂರ್ತಿ ಚರಿತ್ರೆ ಹೇಳಲು ಹೊರಡುತ್ತಾರೆ. ಮೊದಲ ಲಕ್ಷಣ, ತಪ್ಪು ಪತ್ತೆ, ಐದಾರು ಡಾಕ್ಟರು, ಕೊನೆಗೆ ಸಿಕ್ಕ ಹೆಸರು. ಅದು ಒಂದು ಪೋಸ್ಟಿಗೆ ಬಗ್ಗುವ ಕೆಲಸ ಅಲ್ಲ. ಅರ್ಧಕ್ಕೇ ಸುಸ್ತಾಗಿ ಡ್ರಾಫ್ಟಿನಲ್ಲೇ ಕೊಳೆಯುತ್ತದೆ.

ಒಂದು ಚಿಕ್ಕ ವಸ್ತು ಹಿಡಿಯಿರಿ. ಮಾತ್ರೆ ಡಬ್ಬಿಯ ಮುಚ್ಚಳ, ಉದಾಹರಣೆಗೆ. ಮಕ್ಕಳ ಕೈಗೆ ತೆರೆಯಬಾರದು ಅಂತ ಮಾಡಿರುವ ಮುಚ್ಚಳ ಅದು. ಒತ್ತಬೇಕು, ಒತ್ತಿ ಹಿಡಿದೇ ತಿರುಗಿಸಬೇಕು. ಗಂಟು ಊದಿದ ಕೈಗೆ ಈ ಎರಡೂ ಒಟ್ಟಿಗೆ ಆಗುವುದಿಲ್ಲ. ಅಂಗೈ ಕೆಳಗೆ ಒದ್ದೆ ಬಟ್ಟೆ ಇಟ್ಟು ಒತ್ತಿದರೆ ಡಬ್ಬಿ ಜಾರುತ್ತದೆ, ತೊಡೆ ನಡುವೆ ಸಿಕ್ಕಿಸಿದರೆ ಮುಚ್ಚಳ ಸುಮ್ನೆ ಸುತ್ತುತ್ತದೆ, ಬಿಚ್ಚಿಕೊಳ್ಳುವುದಿಲ್ಲ. ಕೊನೆಗೆ ಎಂಟು ವರ್ಷದ ಮಗಳನ್ನು ಕರೆಯಬೇಕು. ಅವಳು ‘ಇಷ್ಟೇನಾ ಅಮ್ಮಾ’ ಅಂತ ಒಂದೇ ಸಲಕ್ಕೆ ತೆರೆದು ಕೊಡುತ್ತಾಳೆ. ನೋವು ಕಳೆಯುವ ಮಾತ್ರೆ ಇರುವುದು ನೋವಿಲ್ಲದವರಿಗೆ ಮಾತ್ರ ತೆರೆಯುವ ಡಬ್ಬಿಯಲ್ಲಿ.

‘ನನಗೆ ತುಂಬಾ ನೋವಿದೆ, ಯಾರಿಗೂ ಅರ್ಥವಾಗುವುದಿಲ್ಲ’ ಅಂತ ಬರೆದರೆ ಓದುವವರು ಪಾಪ ಅಂದುಕೊಂಡು ಮುಂದೆ ಹೋಗುತ್ತಾರೆ. ಮುಚ್ಚಳದ ಬಗ್ಗೆ ಬರೆದರೆ, ಅದೇ ಕಾಯಿಲೆ ಇರುವವರು ‘ಅಯ್ಯೋ, ನನ್ನ ಮನೆಯಲ್ಲೂ ಇದೇ’ ಅನ್ನುತ್ತಾರೆ. ಕಾಯಿಲೆ ಇಲ್ಲದವರು ಮನೆಗೆ ಹೋಗಿ ಆ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡುತ್ತಾರೆ. ಕೆಳಗೆ ಒಂದು ಸಾಲು ಸೇರಿಸಿ: ಸುಲಭವಾಗಿ ತೆರೆಯುವ ಮುಚ್ಚಳ ಸಿಗುತ್ತದೆಯೇ ಅಂತ ಔಷಧಿ ಅಂಗಡಿಯಲ್ಲಿ ಕೇಳಿ ನೋಡಬಹುದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎತ್ತರದಲ್ಲಿಡಿ. ಒಂದು ಉಪಯೋಗದ ಪೋಸ್ಟ್ ಆಯಿತು, ಹೆಚ್ಚೆಂದರೆ ಮುನ್ನೂರು ಪದ.

ಹೀಗೆ ಚಿಕ್ಕ ವಿಷಯಗಳ ಪಟ್ಟಿ ಇಟ್ಟುಕೊಳ್ಳಿ. ಕಾಯುವ ಕೋಣೆಯ ಕುರ್ಚಿ. ‘ನೋಡೋಕೆ ಚೆನ್ನಾಗೇ ಇದೀಯಲ್ಲಾ’ ಅನ್ನುವ ಮಾತು. ಮೆಟ್ಟಿಲು. ಮೂರು ಪೋಸ್ಟ್ ಕೈಯಲ್ಲಿ ರೆಡಿ ಆಗುವ ತನಕ ಬ್ಲಾಗಿನ ವಿಳಾಸವನ್ನು ಯಾರಿಗೂ ಕೊಡಬೇಡಿ. ಒಂದನ್ನು ಹಾಕಿ, ಎರಡನ್ನು ಕೆಟ್ಟ ವಾರಗಳಿಗೆ ಅಂತ ಎತ್ತಿಡಿ.

ಹಂತ 6: ಬರೆದ ರಾತ್ರಿಯೇ ಹಾಕಬೇಡಿ

ಬರೆಯುವುದು ಯಾವಾಗ ಬೇಕಾದರೂ ಆಗಲಿ. ಪಬ್ಲಿಷ್ ಒತ್ತುವುದು ಮಾತ್ರ ಮನಸ್ಸು ಸ್ಥಿಮಿತದಲ್ಲಿರುವ ದಿನ, ಹಗಲು ಹೊತ್ತಿನಲ್ಲಿ. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ತಗೊಳ್ಳುವ ಹಲವರಿಗೆ ನಿದ್ದೆ ಹಾರಿಹೋಗುತ್ತದೆ, ಕೆಲವರಿಗೆ ವಿಪರೀತ ಹುರುಪು ಬರುತ್ತದೆ. ನಡುರಾತ್ರಿ ಮೂರು ಗಂಟೆಗೆ ಅತ್ತೆಯ ಬಗ್ಗೆ, ಆಫೀಸಿನ ಬಗ್ಗೆ ಬರೆದದ್ದು ಆ ಹೊತ್ತಿಗೆ ಅದ್ಭುತ ಅನ್ನಿಸುತ್ತದೆ. ಬರೆಯಿರಿ, ಖಂಡಿತ ಬರೆಯಿರಿ. ಡ್ರಾಫ್ಟಿನಲ್ಲಿ ಇಟ್ಟು ಎರಡು ದಿನ ಬಿಡಿ.

ಬರೆದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರಹಕ್ಕೂ ಆರೋಗ್ಯಕ್ಕೂ ನಂಟಿದೆಯೇ ಅಂತ ನೋಡಿದ ಒಂದು ಅಧ್ಯಯನ 1999ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ ಬಂತು. ಅಸ್ತಮಾ ಅಥವಾ ರುಮಟಾಯ್ಡ್ ಸಂಧಿವಾತ ಇದ್ದ 112 ಜನರಲ್ಲಿ ಒಂದು ಗುಂಪು ತಮ್ಮ ಬದುಕಿನ ಕಷ್ಟದ ಘಟನೆ ಬಗ್ಗೆ ಮೂರು ದಿನ, ದಿನಕ್ಕೆ 20 ನಿಮಿಷ ಬರೆದಿತ್ತು. ನಾಲ್ಕು ತಿಂಗಳ ನಂತರ ಆ ಗುಂಪಿನಲ್ಲಿ ಸುಧಾರಣೆ ಜಾಸ್ತಿ ಕಂಡಿತು. ಆಮೇಲೆ ಬಂದ ಅಧ್ಯಯನಗಳ ಫಲ ಮಿಶ್ರವಾಗಿದೆ, ಲಾಭ ಕಂಡಲ್ಲೂ ಅದು ದೊಡ್ಡದಲ್ಲ. ಇಲ್ಲಿ ಗಮನಿಸಬೇಕಾದ್ದು ಬೇರೆ. ಆ ಜನ ತಮ್ಮ ಬರಹವನ್ನು ಲೋಕಕ್ಕೆ ತೋರಿಸಲಿಲ್ಲ. ಮನಸ್ಸು ಹಗುರಾಗಲು ಬರೆದದ್ದು ನಿಮ್ಮ ಹತ್ತಿರವೇ ಇದ್ದರೂ ನಡೆಯುತ್ತದೆ. ಇಂಥ ಬರಹ ಬರೆದ ಕೂಡಲೇ ಸ್ವಲ್ಪ ಹೊತ್ತು ಮನಸ್ಸು ಇನ್ನಷ್ಟು ಭಾರವಾಗುವುದೂ ಉಂಟು. ಆ ಗಳಿಗೆಯಲ್ಲಿ ಅಪರಿಚಿತರ ಕಾಮೆಂಟ್ ಓದುವ ಗತಿ ಯಾಕೆ?

ಹಂತ 7: ಔಷಧಿ ಬಗ್ಗೆ ಬರೆಯುವಾಗ

ನಿಮ್ಮ ಅನುಭವ ಬರೆಯಿರಿ, ಡೋಸ್ ಬರೆಯಬೇಡಿ. ಇದರಲ್ಲಿ ನಾನು ತುಸು ಹಟಮಾರಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳುವ ಔಷಧಿ. ತಪ್ಪಿ ದಿನಾ ತಗೊಂಡರೆ ಪ್ರಾಣಕ್ಕೇ ಕುತ್ತು. ‘ನಾನು ಇಷ್ಟು ಮಿಲಿಗ್ರಾಂ ತಗೊಳ್ತೀನಿ’ ಅಂತ ಬರೆದು ‘ವಾರಕ್ಕೊಮ್ಮೆ’ ಅನ್ನುವುದು ಬಿಟ್ಟುಹೋದರೆ ಏನಾಗಬಹುದು ಯೋಚಿಸಿ. ಸ್ಟೀರಾಯ್ಡ್ ಕತೆಯೂ ಹೀಗೇ. ಬಹಳ ದಿನ ತಗೊಂಡವರ ದೇಹ ತಾನೇ ತಯಾರಿಸಬೇಕಾದ ಕಾರ್ಟಿಸಾಲ್ ಹಾರ್ಮೋನನ್ನು ಕಮ್ಮಿ ಮಾಡಿರುತ್ತದೆ. ತಟ್ಟನೆ ನಿಲ್ಲಿಸಿದರೆ ಜೀವಕ್ಕೆ ಅಪಾಯ. ‘ನಿಲ್ಲಿಸಿದೆ, ಹಾಯಾಗಿದ್ದೀನಿ’ ಅನ್ನುವ ಒಂದು ಸಾಲನ್ನು ಯಾರೋ ಒಬ್ಬರು ಸಲಹೆ ಅಂತ ತಗೊಳ್ಳುತ್ತಾರೆ. ನೀವು ಡಾಕ್ಟರ ಜೊತೆ ಮಾತಾಡಿ ನಿಧಾನಕ್ಕೆ ಇಳಿಸಿದ್ದರೆ ಅದನ್ನು ಅದೇ ಸಾಲಿನಲ್ಲಿ ಹೇಳಿ. ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಓದುಗರು ಸ್ವಲ್ಪ ಜಾಸ್ತಿಯಾದರೆ ಪುಡಿ, ಎಣ್ಣೆ, ಟಾನಿಕ್ ಮಾರುವವರು ಬಂದೇ ಬರುತ್ತಾರೆ. ದುಡ್ಡೋ ಪುಕ್ಕಟೆ ಡಬ್ಬಿಯೋ ತಗೊಂಡು ಬರೆದರೆ ಅದನ್ನು ಪೋಸ್ಟಿನ ಮೊದಲ ಸಾಲಿನಲ್ಲೇ ಹೇಳಿಬಿಡಿ.

ಹಂತ 8: ಓದುವವರಿಗೂ ಮೈ ಸರಿ ಇರುವುದಿಲ್ಲ

ನಿಮ್ಮ ಓದುಗರಲ್ಲಿ ಅರ್ಧಕ್ಕರ್ಧ ಜನ ಮಲಗಿಕೊಂಡು, ಫೋನಿನಲ್ಲಿ, ಒಂದು ಕಣ್ಣು ಮುಚ್ಚಿಕೊಂಡು ಓದುತ್ತಾರೆ ಅಂತಲೇ ಇಟ್ಟುಕೊಳ್ಳಿ. ಪ್ಯಾರಾ ಚಿಕ್ಕದಿರಲಿ. ತಿಳಿ ಬೂದು ಅಕ್ಷರ ನೋಡಲು ಚೆಂದ, ಓದಲು ಹಿಂಸೆ. ವೆಬ್ ಪುಟಗಳಿಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಅಕ್ಷರ ಮತ್ತು ಹಿನ್ನೆಲೆ ನಡುವೆ ಕನಿಷ್ಠ 4.5:1 ಅನುಪಾತದ ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು ಅನ್ನುತ್ತದೆ. ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಅಥವಾ ಕಡು ಬೂದು ಅಕ್ಷರ ಇಟ್ಟರೆ ಈ ಲೆಕ್ಕವೇ ಬೇಡ. ಮಿನುಗುತ್ತಾ ಚಲಿಸುವ ಜಿಫ್ ಚಿತ್ರ ಬೇಡವೇ ಬೇಡ, ಮೈಗ್ರೇನ್ ಮತ್ತು ಫಿಟ್ಸ್ ಇರುವವರು ಬಂದಿರುತ್ತಾರೆ. ಚಿತ್ರ ಹಾಕಿದರೆ ಅದರಲ್ಲಿ ಏನಿದೆ ಅಂತ ಆಲ್ಟ್ ಟೆಕ್ಸ್ಟ್ ಜಾಗದಲ್ಲಿ ಒಂದು ಸಾಲು ಬರೆಯಿರಿ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುತ್ತದೆ.

ಹಂತ 9: ಕಾಮೆಂಟ್

‘ನಮ್ಮ ಚಿಕ್ಕಪ್ಪನಿಗೆ ಹೀಗೇ ಇತ್ತು, ಇಂಥದ್ದು ಕುಡಿದರು, ಮಾಯ ಆಯ್ತು.’ ಇದು ಬರದ ಬ್ಲಾಗ್ ಇಲ್ಲ. ವಾದಕ್ಕೆ ಇಳಿದರೆ ಚಮಚ ಖಾಲಿ. ಒಂದು ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಅಂಟಿಸಿ: ‘ಕಾಳಜಿಗೆ ಥ್ಯಾಂಕ್ಸ್, ಚಿಕಿತ್ಸೆಯ ಸಲಹೆಗಳನ್ನು ಇಲ್ಲಿ ಹಾಕುವುದಿಲ್ಲ.’ ಕಾಮೆಂಟ್ ಪೂರ್ತಿ ಮುಚ್ಚಿದರೂ ತಪ್ಪೇನಿಲ್ಲ.

ಒಂದು ಥರದ ಕಾಮೆಂಟಿಗೆ ಮಾತ್ರ ಮೊದಲೇ ತಯಾರಾಗಿ. ಬದುಕುವುದೇ ಬೇಡ ಅನ್ನಿಸಿದವರು ನಿಮ್ಮಲ್ಲಿ ಹೇಳಿಕೊಳ್ಳಬಹುದು. ಸಹಾಯವಾಣಿಗಳ ವಿವರ ಇರುವ ಒಂದು ಪುಟ ಮಾಡಿಟ್ಟು, ಅದರ ಲಿಂಕನ್ನು ಎಲ್ಲರಿಗೂ ಕಾಣುವ ಕಡೆ ಹಾಕಿ. ಕಾಮೆಂಟ್‌ಗಳನ್ನು ನೀವು ದಿನಾ ನೋಡುವುದಿಲ್ಲ ಅಂತಲೂ ಅಲ್ಲೇ ಬರೆಯಿರಿ.

ಹಂತ 10: ತಿಂಗಳುಗಟ್ಟಲೆ ಬರೆಯಲು ಆಗದಿದ್ದರೆ

‘ಪ್ರತಿ ಸೋಮವಾರ ಹೊಸ ಬರಹ’ ಅಂತ ಎಲ್ಲೂ ಹಾಕಬೇಡಿ. ಪರಿಚಯದ ಪುಟದಲ್ಲಿ ‘ಮೈ ಒಪ್ಪಿದಾಗ ಬರೆಯುತ್ತೇನೆ, ನಡುವೆ ಮೌನ ಇದ್ದರೆ ಗಾಬರಿಯಾಗಬೇಡಿ’ ಅಂತ ಇರಲಿ. ಇಮೇಲ್‌ನಲ್ಲೋ ಆರ್‌ಎಸ್‌ಎಸ್‌ನಲ್ಲೋ (ಹೊಸ ಬರಹ ಬಂದಾಗ ಓದುವ ಆ್ಯಪ್‌ಗೆ ತಾನಾಗಿಯೇ ತಲುಪಿಸುವ ವ್ಯವಸ್ಥೆ) ಫಾಲೋ ಮಾಡುವವರಿಗೆ ನೀವು ಯಾವಾಗ ಬರೆದರೂ ತಲುಪುತ್ತದೆ. ಅವರು ದಿನಾ ಬಂದು ಬಾಗಿಲು ತಟ್ಟುವುದಿಲ್ಲ. ಬಹಳ ದಿನದ ಮೇಲೆ ವಾಪಸ್ ಬಂದಾಗ ಕ್ಷಮೆ ಕೇಳುವ ಪೋಸ್ಟ್ ಬರೆಯಬೇಡಿ, ಕೆಟ್ಟ ವಾರಗಳಿಗೆ ಅಂತ ಎತ್ತಿಟ್ಟ ಎರಡು ಪೋಸ್ಟುಗಳಲ್ಲಿ ಒಂದನ್ನು ಹಾಕಿ.

ತೀರಾ ದೊಡ್ಡ ಮೌನಕ್ಕೂ ಒಂದು ಏರ್ಪಾಡು ಬೇಕು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲಿ ನಿಯಮ ತಂದಿದೆ. ಬ್ಲಾಗಿಗೆಂದೇ ಹೊಸ ಇಮೇಲ್ ಮಾಡಿದವರು ಆಗಾಗ ಅದರೊಳಗೆ ಹೋಗಿ ಬರಬೇಕು. ಆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್’ ಅಂತ ಇದೆ. ನೀವು ಇಂತಿಷ್ಟು ತಿಂಗಳು ಕಾಣದಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಅವರಿಗೆ ಕೊಡಬೇಕು ಅಂತ ಅಲ್ಲಿ ಬರೆದಿಡಬಹುದು. ಬರಹಗಳ ಪ್ರತಿಯನ್ನು ಆಗಾಗ ಇಳಿಸಿಕೊಳ್ಳಿ. ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ಅದಕ್ಕೆ ಸೌಲಭ್ಯ ಇದೆ.

ಕೊನೆಯ ಕೆಲಸ, ನಂಬಿಕೆಯ ಒಬ್ಬರನ್ನು ಕೇಳಿ ಒಪ್ಪಿಸಿ. ನೀವು ಆಸ್ಪತ್ರೆಯಲ್ಲಿದ್ದರೆ ಬ್ಲಾಗಿನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು, ಯಾವ ಡ್ರಾಫ್ಟನ್ನು ತೆರೆಯಲೇಬಾರದು, ನಿಮ್ಮಿಂದ ಆಗದೇ ಹೋದರೆ ಬ್ಲಾಗನ್ನು ಉಳಿಸಬೇಕೋ ಅಳಿಸಬೇಕೋ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ಪಾಸ್‌ವರ್ಡ್ ಸಿಗುವ ದಾರಿಯನ್ನೂ ಸೇರಿಸಿ ಅವರಿಗೆ ಕೊಡಿ. ಪಾಸ್‌ವರ್ಡ್ ಬದಲಿಸಿದಾಗ ಚೀಟಿಯನ್ನೂ ಬದಲಿಸಿ.